ಮೊಳಕೆ ನೋಡದೆ ಬಿತ್ತನೆ ಬೀಜ ಅನ್ನಬೇಡಿ: ಬಿಟ್‌ಕಾಯಿನ್, ಸುಟ್ಟ ಕಂಪ್ಯೂಟರ್, ಗೆದ್ದಲು ತಿಂದ ಪುಸ್ತಕ



ರಾಗಿ ಕೊಯ್ಲು ಮುಗೀತು. ಮೆದೆ ಹಾಕಿದೀವಿ, ಮೋಡ ಬಿಟ್ಟರೆ ಮುಂದಿನ ವಾರ ಒಕ್ಕಣೆ. ಸೊಗಡವರೆ ಚೆನ್ನಾಗಿ ಬಂದಿದೆ, ಆದ್ರೆ ಕಾಯಿಕೊರಕ ಕಾಣಿಸ್ಕೊಂಡಿದೆ. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ. ಇವತ್ತಿನ ಮಾತು ಹೊಲದ್ದಲ್ಲ, ಮನೆಯೊಳಗಿನ ಕಂಪ್ಯೂಟರ್‌ದು. ಉದ್ದ ಇದೆ, ಆದ್ರೂ ಕೊನೇತನಕ ಓದಿ. ನಿಮ್ಮ ಮನೇಲೂ ಇಂಥದ್ದು ಒಂದು ಇರಬಹುದು, ನಿಮಗೇ ಗೊತ್ತಿಲ್ಲದೆ.

ಎಸ್ಸೆಸ್ಸೆಲ್ಸಿ ಓದಿದ ಇವನಿಗೆ ಬಿಟ್‌ಕಾಯಿನ್ ಯಾಕಪ್ಪ ಅಂತ ನಗ್ಬೇಡಿ. ನಾನು ತಗೊಂಡವನಲ್ಲ, ತಗೊಳ್ಳಿ ಅಂತ ಹೇಳೋಕೂ ಬಂದಿಲ್ಲ. ಆದ್ರೆ ನಮ್ಮ ಕಡೆ ಹೆಂಗಾಗಿದೆ ನೋಡಿ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಾಗಲೂರು, ಚಿಕ್ಕಜಾಲ, ರಾಜಾನುಕುಂಟೆ ಕಡೆ ದ್ರಾಕ್ಷಿ ತೋಟಗಳು ಸೈಟ್ ಆದ್ವು. ಯಾರ್ಯಾರ ಕೈಗೋ ದುಡ್ಡು ಬಂತು. ಮಕ್ಕಳು ಹೆಬ್ಬಾಳದ ಹತ್ರ ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಹೋದ್ರು. ಆ ಮಕ್ಕಳಲ್ಲಿ ಕೆಲವರು ಅಪ್ಪ ಅಮ್ಮನಿಗೆ ಹೇಳದೆಯೇ ಇದರಲ್ಲಿ ಸ್ವಲ್ಪ ಸ್ವಲ್ಪ ದುಡ್ಡು ಹಾಕಿದಾರೆ. ನಮ್ಮ ಅಣ್ಣನ ಮಗನೂ ಹಾಕಿದ್ದ.

ಲಾಕ್‌ಡೌನ್ ವರ್ಷ, 2020ರಲ್ಲಿ, ಮನೇಲೇ ಕೂತು ಕೆಲಸ ಮಾಡ್ತಿದ್ದಾಗ 60 ಸಾವಿರಕ್ಕೆ ತಗೊಂಡನಂತೆ. ತಗೊಂಡು ಎಕ್ಸ್‌ಚೇಂಜ್‌ನಲ್ಲಿ ಬಿಡದೆ ಮನೆ ಕಂಪ್ಯೂಟರಿನ ಒಂದು ವ್ಯಾಲೆಟ್‌ಗೆ ಹಾಕ್ಕೊಂಡು ಮರ್ತುಬಿಟ್ಟಿದ್ದ. ಈ ವರ್ಷ ಅಣ್ಣನಿಗೆ ಮಂಡಿ ನೋವು ತಡೆಯೋಕಾಗದೆ, ಎರಡೂ ಮಂಡಿ ಬದಲಾಯಿಸ್ಬೇಕು ಅಂತ ಡಾಕ್ಟ್ರು ಹೇಳಿದ್ರು. ಆಗ ಹುಡುಗ, "ಚಿಕ್ಕಪ್ಪ, ಸಾಲ ಬೇಡ, ನನ್ನ ಹತ್ರ ಇದೆ" ಅಂದ. ಈಗ ಅದರ ಬೆಲೆ ಆರು ಲಕ್ಷದ ಮೇಲಿತ್ತು. ನಾವೆಲ್ಲ ದೇವರೇ ಕಣ್ಣು ಬಿಟ್ಟ ಅಂದ್ಕೊಂಡ್ವಿ.

ಅಕ್ಟೋಬರ್ ಗುಡುಗು ಮಳೆ ನಿಮಗೆ ನೆನಪಿರಬೇಕು. ಒಂದು ರಾತ್ರಿ ಕರೆಂಟ್ ಹೋಗಿ ಬಂತು, ಬಂದಿದ್ದು ಒಂದೇ ಸಲ ಜೋರಾಗಿ ಬಂತು. ಅವರ ಮನೆ ಟಿವಿ, ಯುಪಿಎಸ್, ಕಂಪ್ಯೂಟರ್ ಮೂರೂ ಹೋದ್ವು. ರಿಪೇರಿಯವನು ಬಿಚ್ಚಿ ನೋಡಿ, ಹಾರ್ಡ್ ಡಿಸ್ಕಿನ ಬೋರ್ಡೇ ಸುಟ್ಟಿದೆ ಅಂದ. ಹುಡುಗನ ಮುಖ ಬಿಳಿಚಿಕೊಂಡಿತು. ಆದ್ರೂ ಧೈರ್ಯವಾಗಿ, "ಬ್ಯಾಕಪ್ ಇದೆ, ಪೆನ್ ಡ್ರೈವ್‌ನಲ್ಲಿಟ್ಟಿದೀನಿ" ಅಂದ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ನನಗೂ ಆಗ್ಲೇ ಅರ್ಥ ಆಗಿದ್ದು. ಬಿಟ್‌ಕಾಯಿನ್ ಕಂಪ್ಯೂಟರ್ ಒಳಗೆ ಕೂತಿರಲ್ಲ. ಯಾರ ವಿಳಾಸದಲ್ಲಿ ಎಷ್ಟಿದೆ ಅನ್ನೋ ಲೆಕ್ಕ ಪ್ರಪಂಚದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಂದೇ ಥರ ಬರೆದಿರುತ್ತೆ, ಎಲ್ಲರೂ ನೋಡಬಹುದು. ಪಹಣಿ ಇದ್ದಂಗೆ. ನಮ್ಮ ಕಂಪ್ಯೂಟರ್‌ನಲ್ಲಿರೋದು ಕೀಲಿ ಮಾತ್ರ. ಆ ಕೀಲಿ ಇದ್ದವನು ಸಹಿ ಹಾಕಿ ಬೇರೆಯವರಿಗೆ ಕಳಿಸಬಹುದು, ಇಲ್ಲದವನು ಸುಮ್ನೆ ನೋಡ್ತಾ ಕೂತ್ಕೋಬಹುದು.

ಆದ್ರೆ ಪಹಣಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಪಹಣಿ ಹರಿದು ಹೋದ್ರೆ ನಾಡಕಚೇರಿಲಿ ಇನ್ನೊಂದು ಸಿಗುತ್ತೆ. ಕ್ರಯಪತ್ರ ಕಳೆದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಲಿ ದೃಢೀಕೃತ ನಕಲು ಸಿಗುತ್ತೆ. ಓಡಾಡಬೇಕು, ಕಾಯಬೇಕು, ಬೈಸ್ಕೋಬೇಕು, ಆದ್ರೆ ಸಿಗುತ್ತೆ. ಈ ಕೀಲಿಗೆ ತಾಲ್ಲೂಕು ಕಚೇರಿನೂ ಇಲ್ಲ, ತಹಶೀಲ್ದಾರರೂ ಇಲ್ಲ. ಕಳೆದ್ರೆ ಅರ್ಜಿ ಹಾಕೋ ಕಿಟಕಿನೇ ಇಲ್ಲ.

ಪರದೆ ಮೇಲೆ ಅಂಕಿ ಕಂಡ ಮಾತ್ರಕ್ಕೆ ಕೈಗೆ ಬಂದಂಗಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರಿಂದೇ ಉದಾಹರಣೆ ಇದೆ. ಹ್ಯಾಕಿಂಗ್ ಆರೋಪದ ಒಂದು ಪ್ರಕರಣದಲ್ಲಿ 31 ಬಿಟ್‌ಕಾಯಿನ್, 9 ಕೋಟಿ ಬೆಲೆಯದ್ದು, ವಶಕ್ಕೆ ತಗೊಂಡಿದೀವಿ ಅಂತ 2021ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಹೇಳಿದ್ರು. ಅದೇ ವರ್ಷ ನವೆಂಬರ್‌ನಲ್ಲಿ ಪೊಲೀಸರೇ ವಿವರಣೆ ಕೊಟ್ರು. ಆರೋಪಿ ತೋರಿಸಿದ ವ್ಯಾಲೆಟ್ ಅವನದ್ದೇ ಅಲ್ಲ, ಒಂದು ಎಕ್ಸ್‌ಚೇಂಜ್‌ನದ್ದು, ಅದರ ಕೀಲಿ ಅವನ ಹತ್ರ ಇರಲೇ ಇಲ್ಲ ಅಂತ. ಪೊಲೀಸರೇ ನೋಡಿ ನಂಬಿದ ಮೇಲೆ ನಮ್ಮ ಹುಡುಗರು ನಂಬೋದು ಏನು ದೊಡ್ಡದು?

ಸರಿ, ಪೆನ್ ಡ್ರೈವ್ ಕಥೆಗೆ ಬರ್ತೀನಿ. ಅವನ ಆಫೀಸ್ ಲ್ಯಾಪ್‌ಟಾಪಿಗೆ ಬೇಡ ಅಂತ ನನ್ನ ಮಗಳ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದ್ರು. ವ್ಯಾಲೆಟ್ ಹೆಸರಿನ ಫೈಲ್ ಇತ್ತು. ಒತ್ತಿದ್ರೆ ತೆರೆಯಲ್ಲ. ಮಗಳು ನೋಡಿ, "ಅಣ್ಣಾ, ಇದು ಫೈಲ್ ಅಲ್ಲ, ಶಾರ್ಟ್‌ಕಟ್" ಅಂದಳು. ಅಂದ್ರೆ, ಐದು ವರ್ಷದ ಹಿಂದೆ ಬ್ಯಾಕಪ್ ಅಂತ ಅವನು ನಕಲು ಮಾಡಿದ್ದು ಡೆಸ್ಕ್‌ಟಾಪ್ ಮೇಲಿದ್ದ ಐಕಾನ್ ಮಾತ್ರ. ಒಳಗಿನ ಫೈಲ್ ಸುಟ್ಟ ಹಾರ್ಡ್ ಡಿಸ್ಕಿನಲ್ಲೇ ಉಳೀತು. ಉಗ್ರಾಣದ ಬಾಗಿಲ ಫೋಟೋ ತೆಗೆದಿಟ್ಕೊಂಡು ರಾಗಿ ಕೂಡಿಟ್ಟಿದೀನಿ ಅಂದಂಗಾಯ್ತು. ಐದು ವರ್ಷ ಆ ಪೆನ್ ಡ್ರೈವ್ ಬೀರುವಲ್ಲಿ ಭದ್ರವಾಗಿತ್ತು. ಒಂದು ಸಲ ತೆಗೆದು ನೋಡಿದ್ರೆ ಆವತ್ತೇ ಗೊತ್ತಾಗ್ತಿತ್ತು.

ಆವತ್ತು ರಾತ್ರಿ ಅವನು ನಿದ್ದೆ ಮಾಡ್ಲಿಲ್ಲ. ಬೆಳಗ್ಗೆ ನಮ್ಮ ಮನೆಗೆ ಬಂದು, "ಚಿಕ್ಕಪ್ಪ, ಒಬ್ಬ ಟೆಲಿಗ್ರಾಂನಲ್ಲಿ ಸಿಕ್ಕಿದಾನೆ, ಕಳೆದ ವ್ಯಾಲೆಟ್ ತೆಗೆದುಕೊಡ್ತಾನಂತೆ. ಐದು ಸಾವಿರ ಮುಂಗಡ, ಆಮೇಲೆ ಹನ್ನೆರಡು ಪದ ಎಷ್ಟು ನೆನಪಿದೆಯೋ ಅಷ್ಟು ಕಳಿಸು ಅಂತಾನೆ" ಅಂದ.

ಹನ್ನೆರಡು ಪದ ಅಂದ್ರೇನು ಅಂತ ಕೇಳ್ದೆ. ವ್ಯಾಲೆಟ್ ಶುರು ಮಾಡುವಾಗಲೇ ಹನ್ನೆರಡು ಇಂಗ್ಲಿಷ್ ಪದ ಒಂದೊಂದಾಗಿ ತೋರಿಸುತ್ತಂತೆ, ಇದೇ ಕ್ರಮದಲ್ಲಿ ಬರೆದಿಟ್ಕೊಳ್ಳಿ ಅಂತ. ಸೀಡ್ ಫ್ರೇಸ್ ಅಂತಾರೆ, ಬೀಜ ಪದಗಳು. ಕಂಪ್ಯೂಟರ್ ಸುಟ್ಟರೂ, ಕಳುವಾದ್ರೂ, ಆ ಹನ್ನೆರಡು ಪದ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಕೀಲಿ ಮತ್ತೆ ಹುಟ್ಕೊಳ್ಳುತ್ತೆ. ಆ ಪದ ಯಾರ ಕೈಗೆ ಸಿಕ್ತೋ ದುಡ್ಡು ಅವರದ್ದು.

ನಾನು ಹೇಳ್ದೆ, "ಪಹಣಿ ನಕಲು ಕೇಳಿದ್ರೆ ಕೊಡ್ತೀವಿ ಕಣಪ್ಪ. ಸಹಿ ಹಾಕಿದ ಖಾಲಿ ಛಾಪಾ ಕಾಗದ ಯಾರಾದ್ರೂ ಕೇಳಿದ್ರೆ ಕೊಡ್ತೀಯಾ? ಇದೂ ಅದೇ. ಮುಟ್ಬೇಡ." ಅವನು ಆ ನಂಬರ್ ಬ್ಲಾಕ್ ಮಾಡ್ದ. ಕಂಪ್ಯೂಟರ್ ಗೊತ್ತಿಲ್ಲದ ನಾನು ಈ ಇಡೀ ವಿಷಯದಲ್ಲಿ ಮಾಡಿದ ಒಂದೇ ಒಳ್ಳೆ ಕೆಲಸ ಅದು. ನಿಮ್ಮಲ್ಲಿ ಯಾರಾದ್ರೂ ಹಂಗೆ ಕೊಟ್ಟು ಮೋಸ ಹೋಗಿದ್ರೆ ನಾಚಿಕೊಂಡು ಸುಮ್ನೆ ಕೂರಬೇಡಿ, ಕೂಡ್ಲೇ 1930ಕ್ಕೆ ಫೋನ್ ಮಾಡಿ.

ಆಮೇಲೆ ಕೇಳ್ದೆ, ಆ ಪದಗಳನ್ನ ಎಲ್ಲಿ ಬರ್ದಿದ್ದೆ? ಅವನಿಗೆ ನೆನಪಿಲ್ಲ. "ಕೈಗೆ ಸಿಕ್ಕಿದ್ದರಲ್ಲಿ ಬರ್ದೆ ಚಿಕ್ಕಪ್ಪ" ಅಂದ. ನಮ್ಮ ಅತ್ತಿಗೆಗೆ ನೆನಪಿತ್ತು. "ಲಾಕ್‌ಡೌನಲ್ಲಿ ನನ್ನ ಹಾಲಿನ ಡೈರಿ ಪುಸ್ತಕದ ಹಿಂದೆ ಏನೋ ಗೀಚಿ ಬೈಸ್ಕೊಂಡಿದ್ದೆಯಲ್ಲೋ" ಅಂದ್ರು. ಅಟ್ಟ ಹತ್ತಿ ಹುಡುಕಿದ್ವಿ. ಹಳೇ ಪುಸ್ತಕಗಳ ಕಟ್ಟು ಸಿಕ್ತು. ಗೆದ್ದಲು ನಮಗಿಂತ ಮೊದಲೇ ಹುಡುಕಿತ್ತು.

ಕೊನೇ ಹಾಳೆ ಅರ್ಧಂಬರ್ಧ ಉಳಿದಿತ್ತು. ಹತ್ತು ಪದ ಪೂರ್ತಿ ಓದೋಕೆ ಆಗ್ತಿತ್ತು. ಏಳನೇ ಪದದಲ್ಲಿ ಮೊದಲ ನಾಲ್ಕೇ ಅಕ್ಷರ. ಹನ್ನೊಂದನೇ ಪದದ ಜಾಗದಲ್ಲಿ ತೂತು.

ಇಲ್ಲಿ ಅವನ ಓದು ಕೆಲಸಕ್ಕೆ ಬಂತು. ಈ ಪದಗಳು ಎಲ್ಲೆಂದರಲ್ಲಿಂದ ಬರಲ್ಲ, 2048 ಪದಗಳ ಒಂದು ಪಟ್ಟಿ ಇದೆ, ಎಲ್ಲರಿಗೂ ಅದೇ ಪಟ್ಟಿ. ಅದರಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇರಲ್ಲ. ಹಂಗಾಗಿ ಏಳನೇ ಪದ ತಕ್ಷಣ ಸಿಕ್ತು. ಹನ್ನೊಂದನೆಯದ್ದು ಆ 2048ರಲ್ಲಿ ಯಾವುದೋ ಒಂದು. ಎಲ್ಲಾ ಹಾಕಿ ನೋಡೋಕಾಗುತ್ತೇನೋ ಅಂದೆ. "ಪದಗಳು ಒಂದಕ್ಕೊಂದು ತಾಳೆ ಆಗ್ಬೇಕು ಚಿಕ್ಕಪ್ಪ, ತಾಳೆ ಆಗೋದು ಹದಿನಾರರಲ್ಲಿ ಒಂದು. ಅಲ್ಲಿಗೆ 128ರ ಸುಮಾರು ಉಳಿಯುತ್ತೆ" ಅಂದ. ಹಳೇ ಲ್ಯಾಪ್‌ಟಾಪ್ ಒಂದನ್ನ ಪೂರ್ತಿ ಅಳಿಸಿ, ಇಂಟರ್ನೆಟ್ ಕಿತ್ತು ಹಾಕಿ, ತಾನೇ ಒಂದು ಸಣ್ಣ ಪ್ರೋಗ್ರಾಂ ಬರ್ದ. 2020ರಲ್ಲಿ ಎಕ್ಸ್‌ಚೇಂಜ್‌ನಿಂದ ವ್ಯಾಲೆಟ್‌ಗೆ ಕಳಿಸಿದಾಗ ಬಂದಿದ್ದ ಇಮೇಲ್‌ನಲ್ಲಿ ಅವನ ವಿಳಾಸ ಇತ್ತು. ಯಾವ ಪದ ಹಾಕಿದಾಗ ಅದೇ ವಿಳಾಸ ಬರುತ್ತೋ ಅದೇ ಸರಿ. ಸಿಕ್ತು. ಅತ್ತಿಗೆ ದೇವರಿಗೆ ದೀಪ ಹಚ್ಚಿದ್ರು, ನಾನು ಗೆದ್ದಲಿಗೆ ಕೈ ಮುಗಿದೆ, ಒಂದೇ ಪದ ತಿಂದಿದ್ದಕ್ಕೆ. ಇನ್ನೂ ಮೂರು ನಾಲ್ಕು ಪದ ತಿಂದಿದ್ರೆ ಮನೆ ಕಂಪ್ಯೂಟರಿಗೆ ಆಗೋ ಮಾತಲ್ಲ ಅಂತ ಅವನೇ ಹೇಳ್ದ.

ಅಣ್ಣನಿಗೆ ಆಪರೇಷನ್ ಆಗಿದೆ. ಈಗ ಕೋಲು ಹಿಡ್ಕೊಂಡು ಕಣದ ತನಕ ಬರ್ತಾರೆ.

ಈಗ ನನ್ನ ಅಭಿಪ್ರಾಯ ಹೇಳ್ತೀನಿ.

ಹುಡುಗ ಬ್ಯಾಕಪ್ ತೆಗೆದಿರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ. ಪೆನ್ ಡ್ರೈವ್ ಇತ್ತು, ಬರೆದ ಹಾಳೆನೂ ಇತ್ತು. ಎರಡೆರಡು. ಆದ್ರೆ ಎರಡರಲ್ಲಿ ಒಂದನ್ನೂ ಅವನು ಪರೀಕ್ಷೆ ಮಾಡಿ ನೋಡಿರಲಿಲ್ಲ. ಬಿತ್ತನೆ ರಾಗಿನ ನಾವು ಹೆಂಗೆ ಇಡ್ತೀವಿ? ಒಳ್ಳೆ ತೆನೆ ಆರಿಸಿ, ಒಣಗಿಸಿ, ಬೇವಿನ ಸೊಪ್ಪು ಹಾಕಿ ಇಡ್ತೀವಿ. ಅಷ್ಟಕ್ಕೇ ಬಿತ್ತಲ್ಲ. ಮುಂಗಾರಿಗೆ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಲಿ ಸುತ್ತಿಟ್ಟು ಮೊಳಕೆ ನೋಡ್ತೀವಿ. ಎಂಬತ್ತು ಬಂದ್ರೆ ಅದು ಬೀಜ, ಇಲ್ದಿದ್ರೆ ಹಿಟ್ಟಿನ ರಾಗಿ. ಬ್ಯಾಕಪ್ಪೂ ಹಂಗೇ. ಬೇರೆ ಕಂಪ್ಯೂಟರಿನಲ್ಲಿ ಒಂದು ಸಲ ವಾಪಸ್ ತಂದು ನೋಡೋ ತನಕ ಅದನ್ನ ಬ್ಯಾಕಪ್ ಅನ್ನಬಾರದು.

ಇಂಗ್ಲೆಂಡ್ ಪಕ್ಕದ ವೇಲ್ಸ್‌ನಲ್ಲಿ ಜೇಮ್ಸ್ ಹೋವೆಲ್ಸ್ ಅನ್ನೋವರದ್ದು ಸುಮಾರು 8,000 ಬಿಟ್‌ಕಾಯಿನ್‌ನ ಕೀಲಿ ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಜೊತೆ ನ್ಯೂಪೋರ್ಟ್ ಊರಿನ ಕಸದ ಗುಡ್ಡೆ ಸೇರ್ತು. ಅಗೆದು ತೆಗೀತೀನಿ ಅಂತ ವರ್ಷಗಟ್ಟಲೆ ನಗರಸಭೆ ಹಿಂದೆ ಅಲೆದ್ರು. 2025ರ ಜನವರಿಯಲ್ಲಿ ಕೋರ್ಟ್ ಕೇಸನ್ನೇ ವಜಾ ಮಾಡ್ತು. ಲೆಕ್ಕದ ಪುಸ್ತಕದಲ್ಲಿ ಆ ಕಾಯಿನ್ ಇವತ್ತೂ ಇದೆ, ಎಲ್ಲರಿಗೂ ಕಾಣುತ್ತೆ. ಮುಟ್ಟೋರು ಯಾರೂ ಇಲ್ಲ.

ನನ್ನ ಎರಡನೇ ಮಾತು ಇದಕ್ಕಿಂತ ಮುಖ್ಯ. ಮನೇಲಿ ಇನ್ನೊಬ್ಬರಿಗೆ ಗೊತ್ತಿರಬೇಕು. ಹಿಂದೆ ನಮ್ಮ ಊರುಗಳಲ್ಲಿ ರಾಗಿನ ಹಗೇವಿನಲ್ಲಿ ತುಂಬಿಡ್ತಿದ್ರು, ನೆಲದೊಳಗೆ. ಕಳ್ಳರಿಗೆ ಗೊತ್ತಾಗಬಾರದು ಅಂತ ಮೇಲೆ ಮಣ್ಣು ಮುಚ್ಚಿ ಸಮ ಮಾಡ್ತಿದ್ರು. ಆದ್ರೆ ಯಜಮಾನ ಒಬ್ಬನಿಗೇ ಗೊತ್ತಿದ್ದು ಅವನು ಕಣ್ಣು ಮುಚ್ಚಿದ್ರೆ? ಮಕ್ಕಳು ರಾಗಿ ಮೇಲೆ ಓಡಾಡ್ಕೊಂಡೇ ಉಪವಾಸ ಬೀಳಬೇಕಾಗ್ತಿತ್ತು. ನಮ್ಮ ತಾತ ಅದಕ್ಕೇ ಪ್ರತಿ ಸಲ ಹಗೇವು ಮುಚ್ಚುವಾಗ ನಮ್ಮ ಅಜ್ಜಿನ ಪಕ್ಕ ನಿಲ್ಲಿಸ್ಕೊಳ್ತಿದ್ರಂತೆ. ಈ ಹುಡುಗ ದಿನಾ ಬೈಕಲ್ಲಿ ಬಳ್ಳಾರಿ ರಸ್ತೆ ಮೇಲೆ ಹೆಬ್ಬಾಳ ಫ್ಲೈಓವರ್ ದಾಟಿ ಹೋಗ್ತಾನೆ. ಅವನಿಗೆ ಏನಾದ್ರೂ ಆಗಿದ್ರೆ, ಅಣ್ಣ ಅತ್ತಿಗೆಗೆ ಆ ದುಡ್ಡು ಇತ್ತು ಅನ್ನೋದೇ ಗೊತ್ತಾಗ್ತಿರಲಿಲ್ಲ. ಇದನ್ನ ಬರೆಯೋಕೆ ಕೈ ಬರಲ್ಲ, ಆದ್ರೆ ಬರೀಲೇಬೇಕು.

ಕೆಲವರು ಹೇಳ್ತಾರೆ, ಇಷ್ಟೆಲ್ಲ ತಲೆನೋವು ಯಾಕೆ, ಎಕ್ಸ್‌ಚೇಂಜ್‌ನಲ್ಲೇ ಬಿಟ್ಟರಾಯ್ತು, ಪಾಸ್‌ವರ್ಡ್ ಮರೆತ್ರೂ ಅವರು ಕೊಡ್ತಾರೆ ಅಂತ. ಅದರಲ್ಲೂ ಸತ್ಯ ಇದೆ. ಆದ್ರೆ 2024ರ ಜುಲೈ 18ರಂದು ವಜೀರ್‌ಎಕ್ಸ್‌ ಅನ್ನೋ ದೊಡ್ಡ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ಕಾಯಿನ್ ಹ್ಯಾಕರ್‌ಗಳು ಕದ್ದರು. ಗ್ರಾಹಕರು ದುಡ್ಡು ತೆಗೆಯೋದನ್ನೇ ನಿಲ್ಲಿಸಿದ್ರು. ಪರರ ಉಗ್ರಾಣದಲ್ಲಿಟ್ಟ ಮೂಟೆ ಅದು, ಅವರ ಬೀಗ ಮುರಿದ್ರೆ ನಮ್ಮ ಮೂಟೆನೂ ಹೋಯ್ತು. ಮನೇಲಿಟ್ಟರೆ ಮನೆಯವರ ಮರೆವು, ಮಳೆ, ಗೆದ್ದಲು. ಎರಡರಲ್ಲೂ ಅಪಾಯ ಇದೆ, ಯಾವ ಅಪಾಯನ ನಾವು ನೋಡ್ಕೊಳ್ಳೋಕಾಗುತ್ತೆ ಅಂತ ಯೋಚಿಸಿ ಆರಿಸ್ಕೋಬೇಕು.

ಇನ್ನು ಕೆಲವರು ಇದೆಲ್ಲ ಜೂಜು ಕಣ್ರೀ ಅಂತಾರೆ. ನಾನೂ ಅರ್ಧ ಹಂಗೇ ಅಂದ್ಕೊಂಡಿರೋನು. ಬೆಲೆ ಟೊಮೇಟೊ ಥರ ಏರುತ್ತೆ ಇಳಿಯುತ್ತೆ. ಆದ್ರೆ ಆಗಲೇ ತಗೊಂಡಿರೋ ಮಕ್ಕಳಿಗೆ ಬೈದ್ರೆ ಅವರು ಮುಚ್ಚಿಡ್ತಾರೆ. ಮುಚ್ಚಿಟ್ಟಿದ್ದೇ ಕಳೆದು ಹೋಗೋದು. ಬೈಬೇಡಿ, ಕೂರಿಸ್ಕೊಂಡು ಕೇಳಿ.

ಅವರ ಮನೇಲಿ ಈಗ ಏನು ಮಾಡಿದಾರೆ ಅಂತ ಹೇಳ್ತೀನಿ, ಬೇಕಾದವರು ಮಾಡ್ಕೊಳ್ಳಿ.

1. ಹಳೇ ಹನ್ನೆರಡು ಪದ ಅಟ್ಟದಲ್ಲಿ ಬಿದ್ದಿದ್ದು, ಎಲ್ಲರ ಕಣ್ಣಿಗೂ ಬಿದ್ದಿದ್ದು. ಅದಕ್ಕೇ ಹೊಸ ವ್ಯಾಲೆಟ್ ಮಾಡಿ, ಹೊಸ ಪದ ಬರ್ಕೊಂಡು, ಉಳಿದ ಕಾಯಿನ್ ಎಲ್ಲಾ ಅದಕ್ಕೆ ಕಳಿಸ್ದ.

2. ಪೂರ್ತಿ ಕಳಿಸೋ ಮೊದಲು ಸಣ್ಣ ಮೊತ್ತ ಕಳಿಸ್ದ. ಆಮೇಲೆ ಕಂಪ್ಯೂಟರಿನಿಂದ ವ್ಯಾಲೆಟ್ ಅಳಿಸಿ, ಬರೆದ ಪದ ನೋಡ್ಕೊಂಡು ವಾಪಸ್ ತಂದ. ಅದೇ ವಿಳಾಸ, ಅದೇ ಮೊತ್ತ ಬಂದ ಮೇಲೆ ಉಳಿದದ್ದು ಹಾಕ್ದ. ಇದೇ ಮೊಳಕೆ ಪರೀಕ್ಷೆ. ವರ್ಷಕ್ಕೊಂದು ಸಲ, ಯುಗಾದಿ ಹೊತ್ತಿಗೆ, ಮಾಡಬೇಕು ಅಂತ ಮಾತಾಗಿದೆ.

3. ಪೀಣ್ಯದಿಂದ ಸ್ಟೀಲ್ ಪಟ್ಟಿ ತಂದು, ಅಕ್ಷರದ ಅಚ್ಚು ಇಟ್ಟು ಸುತ್ತಿಗೆಯಿಂದ ಮನೇಲೇ ಹೊಡ್ಕೊಂಡ. ಅಂಗಡಿಯವರಿಗೆ ಹೊಡೆಯೋಕೆ ಕೊಡಲಿಲ್ಲ, ಯಾಕೆ ಅಂತ ನಿಮಗೇ ಗೊತ್ತಾಗುತ್ತೆ. ಪಟ್ಟಿಗೆ ಗೆದ್ದಲು ಹತ್ತಲ್ಲ, ನೀರು ಬಿದ್ರೂ ಅಳಿಸಲ್ಲ.

4. ಒಂದು ಮನೇಲಿ, ಇನ್ನೊಂದು ಯಲಹಂಕದ ಬ್ಯಾಂಕ್ ಲಾಕರಿನಲ್ಲಿ. ಮನೆಗೆ ಬೆಂಕಿ ಬಿದ್ರೂ ಇನ್ನೊಂದು ಉಳಿಯುತ್ತೆ.

5. ಮೊಬೈಲಲ್ಲಿ ಫೋಟೋ ತೆಗೆದಿಲ್ಲ, ವಾಟ್ಸಾಪ್‌ನಲ್ಲಿ ಕಳಿಸಿಲ್ಲ, ಇಮೇಲ್‌ನಲ್ಲಿ ಇಟ್ಟಿಲ್ಲ. ಫೋನ್ ಒಳಗೆ ಬಂದವನಿಗೆ ಫೋಟೋನೂ ಸಿಗುತ್ತೆ.

6. ವ್ಯಾಲೆಟ್ ಫೈಲನ್ನೂ ಪೆನ್ ಡ್ರೈವ್‌ಗೆ ಹಾಕಿದಾನೆ, ಈ ಸಲ ನಿಜವಾದ ಫೈಲು. ಆ ಫೈಲಿಗೆ ಪಾಸ್‌ವರ್ಡ್ ಬೇಕು, ಅದಿಲ್ಲದೆ ಫೈಲ್ ಇದ್ದೂ ಇಲ್ಲದಂಗೆ. ಅದಕ್ಕೆ ಪದಗಳೇ ಮುಖ್ಯ, ಫೈಲು ಎರಡನೆಯದ್ದು. ತುಂಬಾ ಹಳೇ ಕಾಲದ, ಪದಗಳೇ ಇಲ್ಲದ ವ್ಯಾಲೆಟ್ ಇಟ್ಕೊಂಡವರು ಮಾತ್ರ ಫೈಲನ್ನ ಆಗಾಗ ಹೊಸದಾಗಿ ನಕಲು ಮಾಡ್ತಿರಬೇಕಂತೆ, ಇಲ್ದಿದ್ರೆ ಆಮೇಲೆ ಹುಟ್ಟಿದ ಕೀಲಿಗಳು ಹಳೇ ನಕಲಲ್ಲಿ ಇರಲ್ಲ.

7. ತಗೊಂಡಾಗಿನ ಲೆಕ್ಕ ಪ್ರಿಂಟ್ ತೆಗೆದು ಜಮೀನಿನ ಕಾಗದದ ಜೊತೆ ಇಟ್ಟಿದಾನೆ. 2022ರ ಏಪ್ರಿಲ್‌ನಿಂದ ಇದರ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಜೊತೆಗೆ ಸೆಸ್. ಎಷ್ಟಕ್ಕೆ ತಗೊಂಡೆ ಅನ್ನೋ ಪುರಾವೆ ಇದ್ರೆ ಆ ಅಸಲು ಕಳೀಬಹುದು. ನಾವು ರೈತರು, ನಮಗೆ ತೆರಿಗೆ ಇಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ. ಇದು ಬೆಳೆಯ ಆದಾಯ ಅಲ್ಲ.

8. ಅತ್ತಿಗೆಗೆ ಪಟ್ಟಿ ಎಲ್ಲಿದೆ ಅಂತ ಗೊತ್ತು, ತಂಗಿಗೆ ಅದನ್ನ ಏನು ಮಾಡ್ಬೇಕು ಅಂತ ಗೊತ್ತು. ಇಬ್ಬರೂ ಕೂತರೆ ಅವನಿಲ್ಲದೆಯೂ ಆಗುತ್ತೆ.

ಬಿಟ್‌ಕಾಯಿನ್ ಇಲ್ಲದವರು ಇಷ್ಟೊತ್ತು ಓದಿದ್ದಕ್ಕೆ ನಿಮಗೂ ಒಂದು ಮಾತು. ಸರ್ಕಾರವೇ ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಯ ಹಳೇ ಕಡತಗಳನ್ನ ಸ್ಕ್ಯಾನ್ ಮಾಡಿಸ್ತಿದೆ, ಹಾಳೆಗಳು ಪುಡಿಯಾಗ್ತಿವೆ ಅಂತ. ನಮ್ಮ ಮನೆ ಟ್ರಂಕಿನಲ್ಲಿರೋ ಕ್ರಯಪತ್ರ, ವಿಭಾಗ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್ ಕೊನೇ ಸಲ ತೆಗೆದು ನೋಡಿದ್ದು ಯಾವಾಗ? ಈ ಗಲಾಟೆ ಆದ ಮೇಲೆ ನಾನೂ ನಮ್ಮ ಟ್ರಂಕ್ ಬಿಚ್ಚಿದೆ. 1987ರ ವಿಭಾಗ ಪತ್ರದ ಒಂದು ಮೂಲೆಯಲ್ಲಿ ಸಣ್ಣ ಮಣ್ಣಿನ ಗೆರೆ. ಅದೇ ಗೆದ್ದಲು. ಅಣ್ಣನ ಮನೆಯಿಂದ ಬಂದಿರಲಿಕ್ಕಿಲ್ಲ, ನಮ್ಮದೇ ಇರಬೇಕು.

ಇವತ್ತು ರಾತ್ರಿ ಊಟ ಆದ ಮೇಲೆ ಮಕ್ಕಳನ್ನ ಒಂದು ಮಾತು ಕೇಳಿ: ನಿನ್ನ ಹತ್ರ ಇಂಥದ್ದೇನಾದ್ರೂ ಇದೆಯಾ, ಇದ್ರೆ ನಾಳೆ ಕಂಪ್ಯೂಟರ್ ಸುಟ್ಟು ಹೋದ್ರೆ ಹೆಂಗೆ ವಾಪಸ್ ತರ್ತೀಯ, ತೋರಿಸು. ಹೇಳು ಅನ್ಬೇಡಿ, ತೋರಿಸು ಅನ್ನಿ.

ಮುಂದಿನ ವಾರ ಅವರೆ ಕಾಯಿಕೊರಕದ ಬಗ್ಗೆ ಬರೀತೀನಿ. ಮೆದೆ ಮೇಲೆ ಟಾರ್ಪಾಲ್ ಹೊದಿಸಿಡಿ, ಮೋಡ ಇನ್ನೂ ಹೋಗಿಲ್ಲ.